ಮೊಬೈಲ್ ಸಾಧನಗಳ ರೇಡಿಯೋ ತರಂಗ ವಿಕಿರಣ: ಸುರಕ್ಷತಾ ಮಿತಿಗಳ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಮೊಬೈಲ್ ದೂರವಾಣಿಯು ಮಾತನಾಡುವ ಸಾಧನ ಮಾತ್ರವಾಗಿ ಉಳಿದಿಲ್ಲ. ಕಬ್ಬು ಸಾಗಣೆಯ ವಿಚಾರಣೆ, ನೂಲಿನ ದರ, ಬ್ಯಾಂಕಿನ ಹಣ ಪಾವತಿ, ತೋಟದ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್, 108 ಆಂಬುಲೆನ್ಸ್ ಸೇವೆ ಮುಂತಾದ ದೈನಂದಿನ ಅಗತ್ಯಗಳೆಲ್ಲವೂ ಇದನ್ನು ಅವಲಂಬಿಸಿವೆ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳಿಗೆ ಪ್ರವಾಹ ಬಂದಂತಹ ಸಂದರ್ಭಗಳಲ್ಲಿ ನದಿತೀರದ ಜನರಿಗೆ ಮುನ್ನೆಚ್ಚರಿಕೆ ತಲುಪಿಸಲು ಮೊಬೈಲ್ ಜಾಲವು ಅತ್ಯಗತ್ಯವಾಗಿದೆ.

ಇದರೊಂದಿಗೆ, ಮೊಬೈಲ್ ಹ್ಯಾಂಡ್‌ಸೆಟ್ ಹಾಗೂ ಮೊಬೈಲ್ ಗೋಪುರಗಳಿಂದ (ಟವರ್) ಹೊರಬರುವ ರೇಡಿಯೋ ತರಂಗಗಳು ಆರೋಗ್ಯಕ್ಕೆ ಹಾನಿಕರವೇ ಎಂಬ ಆತಂಕವೂ ಸಾರ್ವಜನಿಕರಲ್ಲಿ ಇದೆ. ಸಾಮಾನ್ಯವಾಗಿ ಈ ಆತಂಕವು ಊರಿನ ಗೋಪುರದ ಕಡೆಗೇ ತಿರುಗುತ್ತದೆ. ಆದರೆ ಬಳಕೆದಾರನ ದೇಹಕ್ಕೆ ಸೇರುವ ರೇಡಿಯೋ ಶಕ್ತಿಯ ಹೆಚ್ಚಿನ ಪಾಲು ಆತನ ಕಿವಿಗೆ ತಾಗಿಕೊಂಡಿರುವ ಹ್ಯಾಂಡ್‌ಸೆಟ್ಟಿನಿಂದಲೇ ಬರುತ್ತದೆ. ಗೋಪುರವು ದೂರವಾದಷ್ಟೂ ಹ್ಯಾಂಡ್‌ಸೆಟ್ ಹೆಚ್ಚು ಶಕ್ತಿಯನ್ನು ಹೊರಸೂಸುತ್ತದೆ. ಈ ಅಂಶವನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು, ಸುರಕ್ಷತಾ ಮಿತಿಗಳು, ಅವುಗಳ ಆಧಾರ, ವಹಿಸಬೇಕಾದ ಎಚ್ಚರಿಕೆ ಹಾಗೂ ಅಹವಾಲು ಸಲ್ಲಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

2. ರೇಡಿಯೋ ತರಂಗಗಳ ಸ್ವರೂಪ

ಬೆಳಕು, ಕ್ಷ-ಕಿರಣ ಮತ್ತು ರೇಡಿಯೋ ತರಂಗ ಇವೆಲ್ಲವೂ ವಿದ್ಯುತ್ಕಾಂತೀಯ ತರಂಗಗಳೇ ಆಗಿವೆ. ಒಂದು ಸೆಕೆಂಡಿನಲ್ಲಿ ತರಂಗವು ಎಷ್ಟು ಬಾರಿ ಕಂಪಿಸುತ್ತದೆ ಎಂಬುದನ್ನು ಕಂಪನಾಂಕ ಎನ್ನಲಾಗುತ್ತದೆ. ಭಾರತದಲ್ಲಿ ಮೊಬೈಲ್ ಸೇವೆಗೆ 700, 800, 900, 1800, 2100, 2300 ಮೆಗಾಹರ್ಟ್ಸ್ ಮುಂತಾದ ಕಂಪನಾಂಕಗಳು ಬಳಕೆಯಲ್ಲಿವೆ. 5ಜಿ ಸೇವೆಯು 2022ರ ಅಕ್ಟೋಬರ್ 1ರಂದು ಆರಂಭಗೊಂಡ ನಂತರ 3300 ಮೆಗಾಹರ್ಟ್ಸ್‌ನ ಮೇಲಿನ ಕಂಪನಾಂಕಗಳೂ ಬಳಕೆಗೆ ಬಂದಿವೆ.

ಕ್ಷ-ಕಿರಣ ಮತ್ತು ಗಾಮಾ ಕಿರಣಗಳು ಪರಮಾಣುವಿನಿಂದ ಎಲೆಕ್ಟ್ರಾನನ್ನು ಹೊರಗೆಡಹಬಲ್ಲವು. ಆದುದರಿಂದ ಅವುಗಳನ್ನು ಅಯಾನೀಕರಿಸುವ ವಿಕಿರಣ ಎಂದು ಕರೆಯಲಾಗುತ್ತದೆ. ಜೀವಕೋಶದ ಒಳಗಿನ ರಾಸಾಯನಿಕ ಬಂಧಗಳನ್ನು ಮುರಿಯುವ ಸಾಮರ್ಥ್ಯ ಅವುಗಳಿಗೆ ಇದೆ. ಮೊಬೈಲ್ ತರಂಗಗಳಿಗೆ ಈ ಸಾಮರ್ಥ್ಯವಿಲ್ಲ. 900 ಮೆಗಾಹರ್ಟ್ಸ್ ತರಂಗದ ಒಂದು ಕಣದ ಶಕ್ತಿಯು ಇಂತಹ ಕಾರ್ಯಕ್ಕೆ ಬೇಕಾದ ಶಕ್ತಿಯ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ರೇಡಿಯೋ ತರಂಗಗಳಿಂದ ದೇಹದ ಮೇಲೆ ಆಗುವುದೆಂದು ಖಚಿತವಾಗಿ ಸಾಬೀತಾಗಿರುವ ಪ್ರಮುಖ ಪರಿಣಾಮವೆಂದರೆ ಅಂಗಾಂಶವು ಬಿಸಿಯಾಗುವುದು. ಸುರಕ್ಷತಾ ಮಿತಿಗಳನ್ನು ಈ ಪರಿಣಾಮದ ಆಧಾರದ ಮೇಲೆಯೇ ನಿಗದಿಪಡಿಸಲಾಗಿದೆ.

3. ನಿರ್ದಿಷ್ಟ ಹೀರಿಕೆ ದರ (ಎಸ್.ಎ.ಆರ್.)

ರೇಡಿಯೋ ತರಂಗಗಳಿಗೆ ಒಳಗಾದ ದೇಹದ ಒಂದು ಕಿಲೋಗ್ರಾಂ ಅಂಗಾಂಶವು ಪ್ರತಿ ಸೆಕೆಂಡಿಗೆ ಹೀರಿಕೊಳ್ಳುವ ಶಕ್ತಿಯನ್ನು ನಿರ್ದಿಷ್ಟ ಹೀರಿಕೆ ದರ ಎನ್ನಲಾಗುತ್ತದೆ. ಇದು ಎಸ್.ಎ.ಆರ್. ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿದೆ. ಇದರ ಮಾನ ವ್ಯಾಟ್/ಕಿ.ಗ್ರಾಂ.

ಉದಾಹರಣೆಗೆ, ಎಸ್.ಎ.ಆರ್. 1.6 ವ್ಯಾಟ್/ಕಿ.ಗ್ರಾಂ. ಎಂದರೆ ಒಂದು ಗ್ರಾಂ ಅಂಗಾಂಶಕ್ಕೆ 1.6 ಮಿಲಿವ್ಯಾಟ್ ಶಕ್ತಿ ಸೇರುತ್ತದೆ ಎಂದರ್ಥ. ಆರು ನಿಮಿಷಗಳ ಕಾಲ ಎಡೆಬಿಡದೆ ಇದೇ ದರದಲ್ಲಿ ಶಕ್ತಿ ಸೇರಿದಲ್ಲಿ ಕಿಲೋಗ್ರಾಂ ಒಂದಕ್ಕೆ 576 ಜೌಲ್ ಆಗುತ್ತದೆ. ರಕ್ತ ಸಂಚಾರವು ಈ ಶಾಖವನ್ನು ಸಾಗಿಸುವುದೇ ಇಲ್ಲ ಎಂದು ಭಾವಿಸಿದರೂ ಅಂಗಾಂಶದ ಉಷ್ಣತೆಯು ಸುಮಾರು 0.16 ಡಿಗ್ರಿ ಸೆಲ್ಸಿಯಸ್‌ನಷ್ಟು ಮಾತ್ರ ಏರುತ್ತದೆ. ವಾಸ್ತವದಲ್ಲಿ ರಕ್ತವು ಶಾಖವನ್ನು ಒಯ್ಯುವುದರಿಂದ ಏರಿಕೆಯು ಇನ್ನೂ ಕಡಿಮೆ. ಬಹಳ ಹೊತ್ತು ಮಾತನಾಡಿದಾಗ ಕಿವಿಗೆ ತಿಳಿಯುವ ಬಿಸಿಯು ಬಹುತೇಕ ಬ್ಯಾಟರಿ ಹಾಗೂ ಒಳಗಿನ ವಿದ್ಯುನ್ಮಾನ ಬಿಡಿಭಾಗಗಳ ಬಿಸಿಯಾಗಿರುತ್ತದೆ.

4. ಮಿತಿಗಳನ್ನು ನಿಗದಿಪಡಿಸಿದ ಕ್ರಮ

ಅಂತರರಾಷ್ಟ್ರೀಯ ಅಯಾನೀಕರಿಸದ ವಿಕಿರಣ ರಕ್ಷಣಾ ಆಯೋಗವು (ಐ.ಸಿ.ಎನ್.ಐ.ಆರ್.ಪಿ.) 1998ರಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿತು ಹಾಗೂ 2020ರಲ್ಲಿ ಅವುಗಳನ್ನು ಪರಿಷ್ಕರಿಸಿತು. ಇಡೀ ದೇಹಕ್ಕೆ ಸರಾಸರಿ 4 ವ್ಯಾಟ್/ಕಿ.ಗ್ರಾಂ. ದರದಲ್ಲಿ ಸುಮಾರು 30 ನಿಮಿಷಗಳ ಕಾಲ ಶಕ್ತಿ ಸೇರಿದಲ್ಲಿ ದೇಹದ ಉಷ್ಣತೆಯು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಹುದು ಎಂಬುದು ಈ ಮಾರ್ಗಸೂಚಿಗಳ ತಳಹದಿ. ಈ ಮಟ್ಟದಿಂದ ಕೆಳಕಂಡಂತೆ ಮಿತಿಗಳನ್ನು ಪಡೆಯಲಾಗಿದೆ:

ಅ) ವೃತ್ತಿಯಲ್ಲಿರುವ ತರಬೇತಾದ ಕೆಲಸಗಾರರಿಗೆ ಇದರ ಹತ್ತನೇ ಒಂದು ಭಾಗ, ಅಂದರೆ ಇಡೀ ದೇಹಕ್ಕೆ 0.4 ವ್ಯಾಟ್/ಕಿ.ಗ್ರಾಂ.

ಆ) ಮಕ್ಕಳು, ವೃದ್ಧರು, ರೋಗಿಗಳು ಸೇರಿರುವ ಸಾರ್ವಜನಿಕರಿಗೆ ಐವತ್ತನೇ ಒಂದು ಭಾಗ, ಅಂದರೆ ಇಡೀ ದೇಹಕ್ಕೆ 0.08 ವ್ಯಾಟ್/ಕಿ.ಗ್ರಾಂ.

ಇ) ತಲೆ ಮತ್ತು ಮುಂಡದ ಯಾವುದೇ ಒಂದು ಸಣ್ಣ ಭಾಗಕ್ಕೆ ಸಂಬಂಧಿಸಿದಂತೆ, 10 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಸಾರ್ವಜನಿಕರಿಗೆ 2 ವ್ಯಾಟ್/ಕಿ.ಗ್ರಾಂ. ಕೈಕಾಲುಗಳಿಗೆ 4 ವ್ಯಾಟ್/ಕಿ.ಗ್ರಾಂ.

ಹೀಗಾಗಿ ಮಿತಿ ಎಂಬುದು ಅಪಾಯ ಆರಂಭವಾಗುವ ಗೆರೆಯಲ್ಲ. ಆ ಗೆರೆಗಿಂತ ಬಹಳಷ್ಟು ಈಚೆಗೆ ಹಾಕಿದ ಬೇಲಿ ಎಂದು ಇದನ್ನು ತಿಳಿಯಬಹುದು. ಆದರೂ ಬೇಲಿಯನ್ನು ದಾಟಲು ತಯಾರಕರಿಗಾಗಲಿ, ಸೇವಾ ಸಂಸ್ಥೆಗಳಿಗಾಗಲಿ ಅವಕಾಶವಿಲ್ಲ.

5. ಭಾರತದಲ್ಲಿ ಹ್ಯಾಂಡ್‌ಸೆಟ್ಟುಗಳಿಗೆ ಅನ್ವಯಿಸುವ ಮಿತಿ

ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು 2010ರಲ್ಲಿ ಅಂತರ ಸಚಿವಾಲಯ ಸಮಿತಿಯನ್ನು ರಚಿಸಿತು. ಸದರಿ ಸಮಿತಿಯ ಶಿಫಾರಸುಗಳನ್ನು ಆಧರಿಸಿ 2012ರ ಸೆಪ್ಟೆಂಬರ್ 1ರಿಂದ ಹೊಸ ವಿನ್ಯಾಸದ ಹ್ಯಾಂಡ್‌ಸೆಟ್ಟುಗಳಿಗೆ 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ 1.6 ವ್ಯಾಟ್/ಕಿ.ಗ್ರಾಂ. ಮಿತಿಯನ್ನು ಜಾರಿಗೆ ತರಲಾಯಿತು. ಅದಕ್ಕೂ ಮೊದಲಿನ ವಿನ್ಯಾಸದ, 10 ಗ್ರಾಂ ಸರಾಸರಿಯಲ್ಲಿ 2 ವ್ಯಾಟ್/ಕಿ.ಗ್ರಾಂ. ಮಿತಿಗೆ ಒಳಪಟ್ಟ ಹ್ಯಾಂಡ್‌ಸೆಟ್ಟುಗಳಿಗೆ 2013ರ ಆಗಸ್ಟ್ 31ರವರೆಗೆ ಮಾತ್ರ ಅವಕಾಶ ನೀಡಲಾಗಿತ್ತು.

ಈ ಎರಡು ಮಿತಿಗಳ ವ್ಯತ್ಯಾಸವು 2 ಮತ್ತು 1.6 ಎಂಬ ಅಂಕಿಗಳಲ್ಲಿ ಮಾತ್ರ ಇಲ್ಲ. ಹ್ಯಾಂಡ್‌ಸೆಟ್ಟಿನ ಶಕ್ತಿಯು ತಲೆಯ ಮೇಲೆ ಸಮನಾಗಿ ಹರಡುವುದಿಲ್ಲ; ಆಂಟೆನಾದ ಸಮೀಪದ ಒಂದು ಸಣ್ಣ ಜಾಗದಲ್ಲಿ ಹೆಚ್ಚಾಗಿರುತ್ತದೆ. 10 ಗ್ರಾಂ ಅಂಗಾಂಶದ ಸರಾಸರಿ ತೆಗೆದಾಗ ಆ ಸಣ್ಣ ಜಾಗದ ಹೆಚ್ಚಳವು ಸುತ್ತಲಿನ ಕಡಿಮೆ ಪ್ರಮಾಣದೊಂದಿಗೆ ಬೆರೆತು ತಗ್ಗಿ ಕಾಣುತ್ತದೆ. 1 ಗ್ರಾಂ ಸರಾಸರಿಯಲ್ಲಿ ಅದು ಹಾಗೆ ಮರೆಯಾಗುವುದಿಲ್ಲ. ಆದುದರಿಂದ ಭಾರತದ ಮಿತಿಯು ಯುರೋಪಿನ ದೇಶಗಳ ಮಿತಿಗಿಂತ ಬಿಗಿಯಾಗಿದೆ. ಅಮೆರಿಕವು 1996ರಿಂದ ಇದೇ 1.6 ಮಿತಿಯನ್ನು ಅನುಸರಿಸುತ್ತಿದೆ.

ಹ್ಯಾಂಡ್‌ಸೆಟ್ಟಿನ ಎಸ್.ಎ.ಆರ್. ಮೌಲ್ಯವನ್ನು ಖರೀದಿಯ ಸಮಯದಲ್ಲಿ ಗ್ರಾಹಕರು ತಿಳಿದುಕೊಳ್ಳಬಹುದು. ಇದು ಪೆಟ್ಟಿಗೆಯ ಮೇಲೆ ಅಥವಾ ಕೈಪಿಡಿಯಲ್ಲಿ ನಮೂದಾಗಿರುತ್ತದೆ. ಬಹುತೇಕ ಹ್ಯಾಂಡ್‌ಸೆಟ್ಟುಗಳಲ್ಲಿ *#07# ಎಂದು ಒತ್ತಿದಾಗಲೂ ಪರದೆಯ ಮೇಲೆ ಕಾಣುತ್ತದೆ.

6. ಪರೀಕ್ಷೆಯ ವಿಧಾನ

ಎಸ್.ಎ.ಆರ್. ಮೌಲ್ಯವನ್ನು ಮನುಷ್ಯರ ಮೇಲೆ ಅಳೆಯಲಾಗುವುದಿಲ್ಲ. ತಲೆಯ ಆಕಾರದ ಟೊಳ್ಳಾದ ಅಚ್ಚಿನಲ್ಲಿ ಅಂಗಾಂಶದ ವಿದ್ಯುತ್ ಗುಣಗಳನ್ನು ಹೋಲುವ ದ್ರವವನ್ನು ತುಂಬಲಾಗುತ್ತದೆ. ಹ್ಯಾಂಡ್‌ಸೆಟ್ಟನ್ನು ಅಚ್ಚಿನ ಎಡ ಮತ್ತು ಬಲ ಕಿವಿಗೆ ತಾಗಿಸಿ ಹಾಗೂ ಓರೆಯಾಗಿ ಇರಿಸಲಾಗುತ್ತದೆ. ಅದು ತನ್ನ ಗರಿಷ್ಠ ಶಕ್ತಿಯನ್ನು ಹೊರಸೂಸುವಂತೆ ಮಾಡಿ, ಯಂತ್ರದ ತೋಳಿಗೆ ಜೋಡಿಸಿದ ಸಂವೇದಕದಿಂದ ದ್ರವದೊಳಗೆ ಬಿಂದು ಬಿಂದುವಿಗೂ ಅಳೆಯಲಾಗುತ್ತದೆ. ಎಲ್ಲ ಕಂಪನಾಂಕಗಳಲ್ಲಿ, ಎಲ್ಲ ಭಂಗಿಗಳಲ್ಲಿ ದೊರೆತ ಅತಿ ಹೆಚ್ಚಿನ ಅಂಕಿಯನ್ನೇ ಆ ಮಾದರಿಯ ಎಸ್.ಎ.ಆರ್. ಎಂದು ಘೋಷಿಸಲಾಗುತ್ತದೆ. ದೂರಸಂಪರ್ಕ ಇಲಾಖೆಯ ಅಧೀನದ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರವು ನವದೆಹಲಿಯಲ್ಲಿ ಇದಕ್ಕೆಂದು ಪ್ರಯೋಗಾಲಯವನ್ನು ಹೊಂದಿದೆ.

ದೇಹಕ್ಕೆ ತಾಗಿಸಿಕೊಂಡು ಒಯ್ಯುವ ಸ್ಥಿತಿಯ ಪರೀಕ್ಷೆಯನ್ನು ಅನೇಕ ವೇಳೆ ಕೆಲವು ಮಿಲಿಮೀಟರ್ ಅಂತರ ಬಿಟ್ಟು ನಡೆಸಲಾಗುತ್ತದೆ. ಈ ಅಂತರವು ಕೈಪಿಡಿಯಲ್ಲಿ ನಮೂದಾಗಿರುತ್ತದೆ. ಅಂಗಿಯ ಒಳಜೇಬಿನಲ್ಲಿ ಅಥವಾ ಸೊಂಟದಲ್ಲಿ ಚರ್ಮಕ್ಕೆ ತಾಗುವಂತೆ ಹ್ಯಾಂಡ್‌ಸೆಟ್ ಇಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ಮಾರಾಟವಾದ ನಂತರವೂ ಪರೀಕ್ಷೆ ಏಕೆ ಬೇಕು ಎಂಬುದಕ್ಕೆ ಫ್ರಾನ್ಸ್ ದೇಶದ ಪ್ರಕರಣವು ನಿದರ್ಶನವಾಗಿದೆ. 2023ರ ಸೆಪ್ಟೆಂಬರ್ 12ರಂದು ಅಲ್ಲಿನ ರಾಷ್ಟ್ರೀಯ ಕಂಪನಾಂಕ ಸಂಸ್ಥೆಯು ಐಫೋನ್ 12 ಮಾದರಿಯ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸುವಂತೆ ಆದೇಶಿಸಿತು. ಕೈಯಲ್ಲಿ ಹಿಡಿದ ಅಥವಾ ಪ್ಯಾಂಟಿನ ಜೇಬಿನಲ್ಲಿರುವ ಸ್ಥಿತಿಗೆ ಸಂಬಂಧಿಸಿದ ಪರೀಕ್ಷೆಯಲ್ಲಿ 4 ವ್ಯಾಟ್/ಕಿ.ಗ್ರಾಂ. ಮಿತಿಗೆ ಬದಲಾಗಿ 5.74 ದೊರೆತಿತ್ತು. ಪರೀಕ್ಷಾ ವಿಧಾನದ ಬಗ್ಗೆ ಕಂಪನಿಯು ಭಿನ್ನಾಭಿಪ್ರಾಯ ವ್ಯಕ್ತಪಡಿಸಿತಾದರೂ ತಂತ್ರಾಂಶವನ್ನು ಪರಿಷ್ಕರಿಸಿತು. ನಂತರ ಮಾದರಿಯು ಮಿತಿಯೊಳಗೆ ಬಂದಿತು. ಈ ಪ್ರಮಾಣವೂ ಅಪಾಯದ ಮಟ್ಟಕ್ಕಿಂತ ಕೆಳಗೇ ಇತ್ತಾದರೂ ಮಿತಿ ಮೀರಿದ್ದರಿಂದ ಕ್ರಮ ಜರುಗಿಸಲಾಯಿತು.

7. ಸಿಗ್ನಲ್ ಮತ್ತು ಹ್ಯಾಂಡ್‌ಸೆಟ್ಟಿನ ಶಕ್ತಿ

ಘೋಷಿತ ಎಸ್.ಎ.ಆರ್. ಎಂಬುದು ಗರಿಷ್ಠ ಶಕ್ತಿಯಲ್ಲಿ ದೊರೆತ ಅಂಕಿ. ದಿನನಿತ್ಯದ ಬಳಕೆಯಲ್ಲಿ ಹ್ಯಾಂಡ್‌ಸೆಟ್ ಯಾವಾಗಲೂ ಗರಿಷ್ಠ ಶಕ್ತಿಯಲ್ಲಿ ಕೆಲಸ ಮಾಡುವುದಿಲ್ಲ. ಗೋಪುರವು ಹ್ಯಾಂಡ್‌ಸೆಟ್ಟಿಗೆ ಶಕ್ತಿಯನ್ನು ಹೆಚ್ಚಿಸು ಅಥವಾ ತಗ್ಗಿಸು ಎಂಬ ಸೂಚನೆಯನ್ನು ಸತತವಾಗಿ ನೀಡುತ್ತಿರುತ್ತದೆ. ಹತ್ತಿರದಲ್ಲಿರುವವರೊಂದಿಗೆ ಮೆಲ್ಲಗೆ ಮಾತನಾಡಿ, ಹೊಲದ ಆಚೆ ತುದಿಯಲ್ಲಿರುವವರನ್ನು ಕೂಗಿ ಕರೆಯುವ ರೀತಿಯೇ ಇದಾಗಿದೆ. 900 ಮೆಗಾಹರ್ಟ್ಸ್‌ನ 2ಜಿ ಹ್ಯಾಂಡ್‌ಸೆಟ್ 2 ವ್ಯಾಟ್ ಗರಿಷ್ಠ ಶಕ್ತಿಯಿಂದ ಕೆಲವೇ ಮಿಲಿವ್ಯಾಟ್‌ಗಳವರೆಗೆ ಇಳಿಯಬಲ್ಲದು. ಎಂಟು ಕಾಲಖಂಡಗಳಲ್ಲಿ ಒಂದರಲ್ಲಿ ಮಾತ್ರ ಪ್ರಸಾರ ಮಾಡುವುದರಿಂದ ಅದರ ಸರಾಸರಿ ಗರಿಷ್ಠ ಶಕ್ತಿ 0.25 ವ್ಯಾಟ್. ಸಾಮಾನ್ಯ 4ಜಿ ಹ್ಯಾಂಡ್‌ಸೆಟ್ಟಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್, ಉತ್ತಮ ಸಿಗ್ನಲ್ ಇರುವಲ್ಲಿ ಇದು ಸಾವಿರಾರು ಪಟ್ಟು ತಗ್ಗುತ್ತದೆ.

ಮುಧೋಳ ಹಾಗೂ ನೆರೆಯ ತಾಲ್ಲೂಕುಗಳ ಮಟ್ಟಿಗೆ ಈ ಅಂಶವು ವಿಶೇಷ ಮಹತ್ವ ಪಡೆಯುತ್ತದೆ. ಕಾರಣಗಳು ಈ ಕೆಳಕಂಡಂತಿವೆ:

ಅ) ಘಟಪ್ರಭಾ ಮತ್ತು ಕೃಷ್ಣಾ ನದಿಗಳ ಬಯಲಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಕಬ್ಬಿನ ಎಲೆಗಳು ನೀರಿನಂಶದಿಂದ ಕೂಡಿದ್ದು, ರೇಡಿಯೋ ತರಂಗಗಳನ್ನು ಹೀರಿಕೊಳ್ಳುತ್ತವೆ. ಕಬ್ಬಿನ ನಡುವೆ ನಿಂತು ಮಾತನಾಡುವಾಗ ಹ್ಯಾಂಡ್‌ಸೆಟ್ ಹೆಚ್ಚು ಶಕ್ತಿ ಬಳಸಬೇಕಾಗುತ್ತದೆ.

ಆ) ಊರಿನಿಂದ ದೂರವಿರುವ ತೋಟದ ವಸತಿಗಳಲ್ಲಿ ಗೋಪುರದ ಸಿಗ್ನಲ್ ಕ್ಷೀಣವಾಗಿರುವುದು ಸಾಮಾನ್ಯ.

ಇ) ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಗಳ ಒಳಕೋಣೆಗಳಲ್ಲಿ ಹಾಗೂ ಪತ್ರಾಸಿನ ಶೆಡ್‌ಗಳಲ್ಲಿ ಸಿಗ್ನಲ್ ಕುಗ್ಗುತ್ತದೆ. ಲೋಹದ ಹಾಳೆಯು ತರಂಗಗಳನ್ನು ತಡೆಯುತ್ತದೆ.

ಈ) ರಬಕವಿ-ಬನಹಟ್ಟಿ ಭಾಗದ ವಿದ್ಯುತ್ ಮಗ್ಗಗಳ ಶೆಡ್‌ಗಳಲ್ಲಿ ಸದ್ದು ಹೆಚ್ಚಾಗಿರುವುದರಿಂದ ಹ್ಯಾಂಡ್‌ಸೆಟ್ಟನ್ನು ಕಿವಿಗೆ ಒತ್ತಿ ಹಿಡಿದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಇದರಿಂದ ಮಾತಿನ ಅವಧಿಯೂ ಹೆಚ್ಚುತ್ತದೆ.

ಇಂತಹ ಪ್ರತಿಯೊಂದು ಸಂದರ್ಭದಲ್ಲಿಯೂ ಕೆಲವು ಹೆಜ್ಜೆ ನಡೆದು ಬದುವಿನ ಮೇಲೆ, ಅಂಗಳಕ್ಕೆ ಅಥವಾ ಶೆಡ್ಡಿನ ಹೊರಗೆ ಬಂದು ಮಾತನಾಡುವುದೇ ಅತ್ಯಂತ ಸುಲಭವಾದ ಹಾಗೂ ಖರ್ಚಿಲ್ಲದ ಸುರಕ್ಷತಾ ಕ್ರಮ.

8. ಗೋಪುರಗಳಿಗೆ ಸಂಬಂಧಿಸಿದ ಮಿತಿ

ಗೋಪುರದ ಆಂಟೆನಾಗಳ ವಿಕಿರಣವನ್ನು ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಶಕ್ತಿಯ ಲೆಕ್ಕದಲ್ಲಿ ಅಳೆಯಲಾಗುತ್ತದೆ. ಭಾರತವು 2008ರಲ್ಲಿ ಮೇಲ್ಕಂಡ ಅಂತರರಾಷ್ಟ್ರೀಯ ಆಯೋಗದ ಮಿತಿಗಳನ್ನು ಅಂಗೀಕರಿಸಿತು. 2012ರ ಸೆಪ್ಟೆಂಬರ್ 1ರಿಂದ ಅವುಗಳನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಲಾಯಿತು. ಅದರ ವಿವರ:

900 ಮೆಗಾಹರ್ಟ್ಸ್: ಅಂತರರಾಷ್ಟ್ರೀಯ ಮಿತಿ 4.5 ವ್ಯಾಟ್/ಚ.ಮೀ.; 2012ರ ಭಾರತದ ಮಿತಿ 0.45 ವ್ಯಾಟ್/ಚ.ಮೀ.
1800 ಮೆಗಾಹರ್ಟ್ಸ್: ಅಂತರರಾಷ್ಟ್ರೀಯ ಮಿತಿ 9 ವ್ಯಾಟ್/ಚ.ಮೀ.; 2012ರ ಭಾರತದ ಮಿತಿ 0.9 ವ್ಯಾಟ್/ಚ.ಮೀ.
2100 ಮೆಗಾಹರ್ಟ್ಸ್ ಮತ್ತು ಮೇಲ್ಪಟ್ಟು: ಅಂತರರಾಷ್ಟ್ರೀಯ ಮಿತಿ 10 ವ್ಯಾಟ್/ಚ.ಮೀ.; 2012ರ ಭಾರತದ ಮಿತಿ 1 ವ್ಯಾಟ್/ಚ.ಮೀ.

ಗೋಪುರದ ಮಿತಿಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ, ಅಹವಾಲು ಸಲ್ಲಿಸುವವರು ಆ ದಿನಾಂಕದಂದು ಜಾರಿಯಲ್ಲಿರುವ ಮಿತಿಯನ್ನು ದೂರಸಂಪರ್ಕ ಇಲಾಖೆಯಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ದೂರ ಹೆಚ್ಚಿದಂತೆ ವಿಕಿರಣವು ಹೇಗೆ ತಗ್ಗುತ್ತದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 20 ವ್ಯಾಟ್ ಶಕ್ತಿಯ ಒಂದು ಆಂಟೆನಾ ತನ್ನ ಮುಂಭಾಗದ ದಿಕ್ಕಿಗೆ ಶಕ್ತಿಯನ್ನು 50 ಪಟ್ಟು ಕೇಂದ್ರೀಕರಿಸುತ್ತದೆ ಎಂದು ಭಾವಿಸೋಣ. ಆಗ ಆಂಟೆನಾದ ನೇರ ಎದುರಿಗೆ, ಅದೇ ಎತ್ತರದಲ್ಲಿ:

20 ಮೀಟರ್ ದೂರದಲ್ಲಿ ಸುಮಾರು 0.2 ವ್ಯಾಟ್/ಚ.ಮೀ.
50 ಮೀಟರ್ ದೂರದಲ್ಲಿ ಸುಮಾರು 0.03 ವ್ಯಾಟ್/ಚ.ಮೀ.
100 ಮೀಟರ್ ದೂರದಲ್ಲಿ ಸುಮಾರು 0.008 ವ್ಯಾಟ್/ಚ.ಮೀ.

ದೂರವು ಎರಡು ಪಟ್ಟಾದರೆ ವಿಕಿರಣವು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಂಟೆನಾಗಳ ಸಂಖ್ಯೆ ಹೆಚ್ಚಿದಂತೆ ಒಟ್ಟು ಪ್ರಮಾಣವೂ ಹೆಚ್ಚುತ್ತದೆ. ಈ ಕಾರಣದಿಂದಲೇ 2013ರ ಆಗಸ್ಟ್ 1ರಿಂದ ಜಾರಿಗೆ ಬಂದ ಸಲಹಾ ಮಾರ್ಗಸೂಚಿಯಲ್ಲಿ, ಆಂಟೆನಾದ ನೇರ ಎದುರಿಗೆ ಅದೇ ಎತ್ತರದಲ್ಲಿ ಇರುವ ಕಟ್ಟಡಗಳಿಗೆ ಒಂದು ಆಂಟೆನಾ ಇದ್ದಲ್ಲಿ 20 ಮೀಟರ್, ಎರಡಕ್ಕೆ 35 ಮೀಟರ್, ನಾಲ್ಕಕ್ಕೆ 45 ಮೀಟರ್, ಆರಕ್ಕೆ 55 ಮೀಟರ್ ಅಂತರವನ್ನು ಸೂಚಿಸಲಾಯಿತು.

ಆಂಟೆನಾಗಳು ದಿಗಂತದ ಕಡೆಗೆ, ಸ್ವಲ್ಪವೇ ಕೆಳಮುಖವಾಗಿ ತರಂಗಗಳನ್ನು ಕಳುಹಿಸುತ್ತವೆ. ಆದುದರಿಂದ ಗೋಪುರದ ಬುಡದಲ್ಲಿ ಅಥವಾ ಗೋಪುರವನ್ನು ಹೊತ್ತ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ವಿಕಿರಣವು ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಗಮನ ಹರಿಸಬೇಕಾಗಿರುವುದು ಆಂಟೆನಾಗಳಿಗೆ ಸಮಾನ ಎತ್ತರದಲ್ಲಿ, ನೇರ ಎದುರಿಗೆ ಹಾಗೂ ಹತ್ತಿರದಲ್ಲಿರುವ ಕೋಣೆ ಮತ್ತು ಮಾಳಿಗೆಗಳ ಕಡೆಗೆ. ಇಕ್ಕಟ್ಟಾದ ಪೇಟೆಯ ಪ್ರದೇಶದಲ್ಲಿ ಇಂತಹ ಸ್ಥಿತಿ ಉಂಟಾಗಬಹುದು. ಅಂತಹ ಸಂದರ್ಭದಲ್ಲಿ ಅಳತೆಗೆ ಕೋರಿಕೆ ಸಲ್ಲಿಸುವುದು ಸೂಕ್ತ.

9. ಆರೋಗ್ಯ ಸಂಬಂಧಿ ಅಧ್ಯಯನಗಳು

13 ದೇಶಗಳಲ್ಲಿ ನಡೆದ ಇಂಟರ್‌ಫೋನ್ ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ಒಟ್ಟಾರೆಯಾಗಿ ಮೊಬೈಲ್ ಬಳಕೆಯಿಂದ ಮಿದುಳಿನ ಗಡ್ಡೆಯ ಸಂಭವ ಹೆಚ್ಚಿರುವುದು ಇದರಲ್ಲಿ ಕಂಡುಬರಲಿಲ್ಲ. ಆದರೆ ಅತಿ ಹೆಚ್ಚು ಹೊತ್ತು ಮಾತನಾಡಿದವರ ಗುಂಪಿನಲ್ಲಿ ಒಂದು ಬಗೆಯ ಗಡ್ಡೆಯು ಹೆಚ್ಚಿರಬಹುದೆಂಬ ಸುಳಿವು ದೊರೆಯಿತು. ಬಳಕೆಯ ಅವಧಿಯನ್ನು ಜನರು ನೆನಪಿನಿಂದ ಹೇಳಿದ್ದರಿಂದ ತಪ್ಪುಗಳ ಸಾಧ್ಯತೆ ಇದ್ದು, ಅದನ್ನು ಕಾರಣವೆಂದು ನಿರ್ಣಯಿಸಲು ಸಾಧ್ಯವಾಗಲಿಲ್ಲ.

ಇದನ್ನೂ ಪರಿಗಣಿಸಿ 2011ರ ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ವಸ್ತುಗಳ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಇದೇ ಗುಂಪಿನಲ್ಲಿದೆ. ಈ ವರ್ಗೀಕರಣವು ಸಾಕ್ಷ್ಯ ಎಷ್ಟು ಬಲವಾಗಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ತಂಬಾಕು 1ನೇ ಗುಂಪಿನಲ್ಲಿದ್ದು, ಅದರ ಹಾನಿಯು ನಿಸ್ಸಂದೇಹವಾಗಿ ಸಾಬೀತಾಗಿದೆ.

ನಂತರ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು 2024ರಲ್ಲಿ ಪ್ರಕಟವಾದ ಸಮಗ್ರ ಪರಾಮರ್ಶೆಯು 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಪರಿಶೀಲಿಸಿತು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬಳಸಿದವರನ್ನೂ ಒಳಗೊಂಡಂತೆ, ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ಸಂಬಂಧ ಕಂಡುಬರಲಿಲ್ಲ. ಇಷ್ಟಾದರೂ ಅನಗತ್ಯವಾದ ಬಳಕೆಯನ್ನು ತಪ್ಪಿಸುವುದರಿಂದ ಯಾವ ನಷ್ಟವೂ ಇಲ್ಲ. ಬೆಳವಣಿಗೆಯ ಹಂತದಲ್ಲಿರುವ ಹಾಗೂ ಮುಂದೆ ದೀರ್ಘಕಾಲ ಬಳಸಲಿರುವ ಮಕ್ಕಳ ವಿಷಯದಲ್ಲಿ ಈ ಮುನ್ನೆಚ್ಚರಿಕೆಯು ಹೆಚ್ಚು ಯುಕ್ತವಾಗಿದೆ.

10. ಬಳಕೆದಾರರು ಅನುಸರಿಸಬೇಕಾದ ಕ್ರಮಗಳು

1) ಸಿಗ್ನಲ್ ಪಟ್ಟಿಗಳು ಒಂದು ಅಥವಾ ಎರಡು ಮಾತ್ರ ಇದ್ದಲ್ಲಿ ದೀರ್ಘ ಮಾತುಕತೆಯನ್ನು ಮುಂದೂಡುವುದು ಅಥವಾ ಬಯಲಿಗೆ ಬಂದು ಮಾತನಾಡುವುದು.

2) ದೀರ್ಘ ಕರೆಗಳಿಗೆ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸುವುದು. ಹ್ಯಾಂಡ್‌ಸೆಟ್ ತಲೆಯಿಂದ ಕೆಲವೇ ಸೆಂಟಿಮೀಟರ್ ದೂರವಾದರೂ ತಲೆಗೆ ಸೇರುವ ಶಕ್ತಿಯು ಬಹಳಷ್ಟು ತಗ್ಗುತ್ತದೆ.

3) ಮಗ್ಗ, ಕಬ್ಬಿನ ಗಾಣ ಹಾಗೂ ತಿರುಗುವ ಯಂತ್ರಗಳ ಬಳಿ ಇಯರ್‌ಫೋನ್ ವೈರನ್ನು ಇಳಿಬಿಡಬಾರದು. ಅದು ಯಂತ್ರಕ್ಕೆ ಸಿಲುಕುವ ಅಪಾಯವಿದೆ. ಶೆಡ್ಡಿನಿಂದ ಹೊರಬಂದು ಮಾತನಾಡತಕ್ಕದ್ದು.

4) ಕರೆ ಮಾಡಿದಾಗ ಸಂಪರ್ಕ ದೊರೆಯುವವರೆಗೆ ಹ್ಯಾಂಡ್‌ಸೆಟ್ಟನ್ನು ಕಿವಿಯಿಂದ ದೂರ ಹಿಡಿಯುವುದು. ಸಾಧ್ಯವಿದ್ದಲ್ಲಿ ಸಂದೇಶದ ಮೂಲಕ ತಿಳಿಸುವುದು.

5) ಹ್ಯಾಂಡ್‌ಸೆಟ್ಟಿನ ಮೇಲ್ಭಾಗ ಅಥವಾ ಹಿಂಬದಿಯ ಆಂಟೆನಾ ಜಾಗವನ್ನು ಬೆರಳುಗಳಿಂದ ಮುಚ್ಚದಿರುವುದು ಹಾಗೂ ಲೋಹದ ಹೊದಿಕೆಗಳನ್ನು ಬಳಸದಿರುವುದು. ಇವು ಸಿಗ್ನಲ್ಲನ್ನು ತಡೆದು ಹ್ಯಾಂಡ್‌ಸೆಟ್ ಹೆಚ್ಚು ಶಕ್ತಿ ಬಳಸುವಂತೆ ಮಾಡುತ್ತವೆ.

6) ವಿಕಿರಣ ತಡೆಯುತ್ತದೆ ಎಂದು ಹೇಳಿ ಮಾರುವ ಸ್ಟಿಕ್ಕರ್, ಚಿಪ್ ಮುಂತಾದವುಗಳನ್ನು ಕೊಳ್ಳದಿರುವುದು.

7) ಪೇಸ್‌ಮೇಕರ್ ಅಳವಡಿಸಿಕೊಂಡವರು ಹ್ಯಾಂಡ್‌ಸೆಟ್ಟನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರದಲ್ಲಿ ಇಡುವುದು, ಎದೆಯ ಜೇಬಿನಲ್ಲಿ ಇಡದಿರುವುದು ಹಾಗೂ ವೈದ್ಯರ ಸಲಹೆ ಪಾಲಿಸುವುದು.

8) *#06# ಎಂದು ಒತ್ತಿ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆಯನ್ನು ಪಡೆದು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸುವುದು. ನಕಲಿ ಹ್ಯಾಂಡ್‌ಸೆಟ್ಟುಗಳ ಎಸ್.ಎ.ಆರ್. ಮೌಲ್ಯಕ್ಕೆ ಯಾವುದೇ ಖಾತರಿ ಇರುವುದಿಲ್ಲ. ರಶೀದಿ ಇಲ್ಲದೆ ಖರೀದಿಸಬಾರದು.

9) ವಾಹನ ಚಾಲನೆಯ ವೇಳೆ ಮೊಬೈಲ್ ಬಳಸದಿರುವುದು. ಮೊಬೈಲ್ ಬಳಕೆಯಿಂದ ಖಚಿತವಾಗಿ ಸಾಬೀತಾಗಿರುವ ಪ್ರಾಣಾಪಾಯ ಇದೇ ಆಗಿದೆ. ಮೊಬೈಲ್ ಬಳಸುವ ಚಾಲಕರು ಅಪಘಾತಕ್ಕೆ ಒಳಗಾಗುವ ಸಂಭವವು ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳ ಚಾಲಕರು ಇದನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.

11. ಗೋಪುರದ ವಿಕಿರಣ ಅಳತೆಗೆ ಕೋರಿಕೆ

ಗೋಪುರದ ಕಟ್ಟಡ ಭದ್ರತೆ, ಜನರೇಟರ್ ಸದ್ದು ಹಾಗೂ ಸ್ಥಳದ ಅನುಮತಿ ಇವು ಸ್ಥಳೀಯ ಆಡಳಿತಕ್ಕೆ ಸಂಬಂಧಿಸಿದ ವಿಷಯಗಳು. ವಿಕಿರಣದ ಮಿತಿಯನ್ನು ನಿಗದಿಪಡಿಸುವುದು ಮತ್ತು ಅಳೆಯುವುದು ಕೇಂದ್ರದ ದೂರಸಂಪರ್ಕ ಇಲಾಖೆಗೆ ಸೇರಿದ್ದು, ಕರ್ನಾಟಕದ ಮಟ್ಟಿಗೆ ಅದರ ಬೆಂಗಳೂರಿನ ಕ್ಷೇತ್ರ ಕಚೇರಿಯು ಈ ಕಾರ್ಯ ನಿರ್ವಹಿಸುತ್ತದೆ. ವಿಕಿರಣದ ಕುರಿತ ಅರ್ಜಿಯನ್ನು ಗ್ರಾಮ ಪಂಚಾಯಿತಿಗೆ ಅಥವಾ ನಗರಸಭೆಗೆ ಮಾತ್ರ ಸಲ್ಲಿಸಿದಲ್ಲಿ ಅಳತೆ ನಡೆಯುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು.

2017ರ ಮೇ 2ರಂದು ಆರಂಭಗೊಂಡ ತರಂಗ್ ಸಂಚಾರ್ ಜಾಲತಾಣದಲ್ಲಿ ಸಾರ್ವಜನಿಕರು ತಮ್ಮ ಪ್ರದೇಶದ ಗೋಪುರಗಳನ್ನು ನಕ್ಷೆಯಲ್ಲಿ ನೋಡಬಹುದು ಹಾಗೂ ಅವು ಮಿತಿಯೊಳಗೆ ಇವೆಯೇ ಎಂಬುದನ್ನು ತಿಳಿಯಬಹುದು. ತಾವು ಸೂಚಿಸಿದ ಸ್ಥಳದಲ್ಲಿ ಅಳತೆ ನಡೆಸುವಂತೆ ಕೋರಲೂ ಅವಕಾಶವಿದ್ದು, ಇದಕ್ಕೆ ಆರಂಭದಲ್ಲಿ ರೂ. 4,000 ಶುಲ್ಕ ನಿಗದಿಪಡಿಸಲಾಗಿತ್ತು. ಒಂದು ಓಣಿಯ ನಿವಾಸಿಗಳು ಈ ವೆಚ್ಚವನ್ನು ಹಂಚಿಕೊಂಡು ಒಂದೇ ಕೋರಿಕೆ ಸಲ್ಲಿಸುವುದು ಅನುಕೂಲಕರ. ಅಳತೆಯ ಅಂಕಿ ಕೈಯಲ್ಲಿದ್ದಲ್ಲಿ ಆತಂಕವೂ ಪರಿಹಾರವಾಗುತ್ತದೆ. ಮಿತಿ ಮೀರಿದ್ದಲ್ಲಿ ಕ್ರಮಕ್ಕೆ ಆಧಾರವೂ ದೊರೆಯುತ್ತದೆ.

12. ವಂಚನೆಯ ಕುರಿತು ಎಚ್ಚರಿಕೆ

ಜಮೀನಿನಲ್ಲಿ ಅಥವಾ ಮನೆಯ ಮೇಲೆ ಗೋಪುರ ಸ್ಥಾಪಿಸಿ ದೊಡ್ಡ ಮೊತ್ತದ ಬಾಡಿಗೆ ನೀಡುವುದಾಗಿ ನಂಬಿಸಿ, ನೋಂದಣಿ ಶುಲ್ಕ, ತೆರಿಗೆ ಅಥವಾ ವಿಕಿರಣ ಪ್ರಮಾಣಪತ್ರದ ಹೆಸರಿನಲ್ಲಿ ಮುಂಗಡ ಹಣ ಪಡೆದು ವಂಚಿಸುವ ಪ್ರಕರಣಗಳು ದೇಶದ ಹಲವೆಡೆ ನಡೆದಿವೆ. ದೂರಸಂಪರ್ಕ ಇಲಾಖೆಯಾಗಲಿ, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾಗಲಿ (ಟ್ರಾಯ್) ಇಂತಹ ನಿರಾಕ್ಷೇಪಣಾ ಪತ್ರಗಳನ್ನು ಜಾಗದ ಮಾಲೀಕರಿಗೆ ನೀಡುವುದಿಲ್ಲ ಮತ್ತು ಶುಲ್ಕ ಪಡೆಯುವುದಿಲ್ಲ. ಹಣ ಕೇಳಿದಲ್ಲಿ ಪೊಲೀಸ್ ಠಾಣೆಗೆ ಅಥವಾ 1930 ಸೈಬರ್ ಸಹಾಯವಾಣಿಗೆ ದೂರು ನೀಡತಕ್ಕದ್ದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಸ್.ಎ.ಆರ್. 0.7 ಇರುವ ಹ್ಯಾಂಡ್‌ಸೆಟ್ 1.4 ಇರುವುದಕ್ಕಿಂತ ಎರಡು ಪಟ್ಟು ಸುರಕ್ಷಿತವೇ?
ಉತ್ತರ: ಹಾಗೆ ಹೇಳಲಾಗದು. ಇವು ಗರಿಷ್ಠ ಶಕ್ತಿಯಲ್ಲಿನ ಅಂಕಿಗಳು. ಕಬ್ಬಿನ ನಡುವೆ ಬಳಸುವ 0.7ರ ಹ್ಯಾಂಡ್‌ಸೆಟ್, ಉತ್ತಮ ಸಿಗ್ನಲ್ ಇರುವಲ್ಲಿ ಬಳಸುವ 1.4ರ ಹ್ಯಾಂಡ್‌ಸೆಟ್ಟಿಗಿಂತ ಹೆಚ್ಚು ಶಕ್ತಿಯನ್ನು ತಲೆಗೆ ನೀಡಬಹುದು. ಎರಡೂ ಮಿತಿಯೊಳಗೇ ಇವೆ.

ಪ್ರಶ್ನೆ: ಊರಿಗೆ ಗೋಪುರವೇ ಬೇಡವೆಂದರೆ ವಿಕಿರಣ ತಪ್ಪುತ್ತದೆಯೇ?
ಉತ್ತರ: ಇಲ್ಲ. ದೂರದ ಗೋಪುರವನ್ನು ತಲುಪಲು ಊರಿನ ಎಲ್ಲ ಹ್ಯಾಂಡ್‌ಸೆಟ್ಟುಗಳೂ ಹೆಚ್ಚಿನ ಶಕ್ತಿಯಲ್ಲಿ ಕೆಲಸ ಮಾಡಬೇಕಾಗುತ್ತದೆ. ಹಾವು ಕಡಿತ, ಹೆರಿಗೆ, ಪ್ರವಾಹದಂತಹ ತುರ್ತು ಸಂದರ್ಭಗಳಲ್ಲಿ ಕರೆ ದೊರೆಯದೆ ಹೋಗುವ ಅಪಾಯವೂ ಇದೆ. ಸರಿಯಾದ ಜಾಗದಲ್ಲಿ, ಸರಿಯಾದ ಎತ್ತರದಲ್ಲಿ, ಅಳತೆಗೆ ಒಳಪಟ್ಟ ಗೋಪುರವಿರಬೇಕೆಂದು ಕೇಳುವುದು ಯುಕ್ತ.

ಪ್ರಶ್ನೆ: ರಾತ್ರಿ ದಿಂಬಿನ ಕೆಳಗೆ ಮೊಬೈಲ್ ಇಡಬಹುದೇ?
ಉತ್ತರ: ಬಳಕೆಯಲ್ಲಿಲ್ಲದ ಹ್ಯಾಂಡ್‌ಸೆಟ್ ಆಗಾಗ ಮಾತ್ರ ಅಲ್ಪಕಾಲ ಪ್ರಸಾರ ಮಾಡುತ್ತದೆ. ಆದರೆ ಚಾರ್ಜ್ ಆಗುತ್ತಿರುವ ಬ್ಯಾಟರಿಯು ದಿಂಬಿನ ಕೆಳಗೆ ವಿಪರೀತ ಬಿಸಿಯಾಗಿ ಬೆಂಕಿ ಹೊತ್ತುವ ಸಂಭವವಿದೆ. ಆದುದರಿಂದ ಹಾಸಿಗೆಯಿಂದ ದೂರ ಇಡುವುದು ಒಳಿತು.

ಪ್ರಶ್ನೆ: 5ಜಿ ತರಂಗಗಳಿಂದ ಕೋವಿಡ್ ಹರಡಿತೆಂಬುದು ನಿಜವೇ?
ಉತ್ತರ: ನಿಜವಲ್ಲ. 2021ರ ಮೇ ತಿಂಗಳಿನಲ್ಲಿಯೇ ದೂರಸಂಪರ್ಕ ಇಲಾಖೆಯು ಇದನ್ನು ಅಲ್ಲಗಳೆದಿದೆ. ಭಾರತದಲ್ಲಿ 5ಜಿ ಸೇವೆಯು ಅದಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ ಆರಂಭವಾಯಿತು.

14. ಸಾರ್ವಜನಿಕರ ಗಮನಕ್ಕೆ

ಮೊಬೈಲ್ ವಿಕಿರಣಕ್ಕೆ ಮಿತಿಯಿದೆ, ಅಳತೆಯಿದೆ ಹಾಗೂ ಅಳತೆಯನ್ನು ಕೇಳುವ ಹಕ್ಕು ಸಾರ್ವಜನಿಕರಿಗೆ ಇದೆ. ಗೋಪುರದ ಬಗ್ಗೆ ಸಂದೇಹವಿದ್ದಲ್ಲಿ ವದಂತಿಗಳಿಗೆ ಕಿವಿಗೊಡದೆ ಅಳತೆಗೆ ಕೋರತಕ್ಕದ್ದು. ಹ್ಯಾಂಡ್‌ಸೆಟ್ಟಿನ ವಿಷಯದಲ್ಲಿ ಸಿಗ್ನಲ್ ಇರುವ ಜಾಗ, ಮಿತವಾದ ಮಾತು ಮತ್ತು ಕಿವಿಯಿಂದ ಸ್ವಲ್ಪ ಅಂತರ ಈ ಮೂರನ್ನು ರೂಢಿಸಿಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.